ಮೂರನೇ ನಂಬರಿನ ಕಂಪ್ಯೂಟರ್: ದೋಷ ಹುಡುಕುವುದನ್ನು ಕಲಿಸಲು ಹೊರಟಾಗ

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. 9ನೇ ತರಗತಿಯ ವಿಜ್ಞಾನದ ಜೊತೆಗೆ ಕಂಪ್ಯೂಟರ್ ಅವಧಿಗಳೂ ನನ್ನ ಪಾಲಿಗೆ ಬಂದವು. ಲ್ಯಾಬ್‌ನಲ್ಲಿ ನಡೆಯುವ ಸ್ಥಿತಿಯಲ್ಲಿದ್ದ ಕಂಪ್ಯೂಟರ್‌ಗಳು ಐದು. ಅವುಗಳಲ್ಲಿ ಮೂರನೇ ನಂಬರಿನದು ಪಾಠದ ನಡುವೆ ಹ್ಯಾಂಗ್ ಆಗಿ ನಿಂತುಬಿಡುತ್ತಿತ್ತು. ಮೌಸ್ ಅಲ್ಲಾಡುವುದಿಲ್ಲ, ಕೀಲಿ ಒತ್ತಿದರೆ ಉತ್ತರವಿಲ್ಲ, ಪರದೆಯ ಮೇಲಿನ ಗಡಿಯಾರವೂ ನಿಂತಿರುತ್ತದೆ.

ಬೋಧನೆಗೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗದು ಎಂದುಕೊಂಡು ‘ಕಂಪ್ಯೂಟರ್ ಹ್ಯಾಂಗ್ ಆಗಲು ಕಾರಣಗಳು ಮತ್ತು ಪರಿಹಾರಗಳು’ ಎಂಬ ಪಾಠ ಯೋಜನೆ ಬರೆದೆ. ರ‍್ಯಾಮ್ ಸಾಲದಿರುವುದು, ವೈರಸ್, ಹಾರ್ಡ್‌ಡಿಸ್ಕ್ ದೋಷ, ಡ್ರೈವರ್ ಹೊಂದದಿರುವುದು, ಬಿಸಿ, ವಿದ್ಯುತ್ ಏರಿಳಿತ – ಎಂಟು ಕಾರಣಗಳು, ಎದುರಿಗೆ ಎಂಟು ಪರಿಹಾರಗಳು. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಮೌಲ್ಯಮಾಪನದ ಹಂತದಲ್ಲಿ, “ಹಾಗಾದರೆ ನಮ್ಮ ಮೂರನೇ ನಂಬರಿಗೆ ಏನಾಗಿದೆ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬ ಹುಡುಗ, “ಫಾರ್ಮ್ಯಾಟ್ ಹೊಡೀಬೇಕು ಮಿಸ್” ಎಂದ. ಹಿಂದಿನಿಂದ ಇನ್ನೊಬ್ಬ, “ಫಾರ್ಮ್ಯಾಟ್ ಯಾಕೆ ಮಿಸ್, ಅವಳು ಮುಟ್ಟದಿದ್ರೆ ಸಾಕು” ಎಂದ. ತರಗತಿಯೆಲ್ಲ ನಕ್ಕಿತು. ಅವನು ತೋರಿಸಿದ ಹುಡುಗಿ ತನ್ನೆರಡು ಕೈಗಳನ್ನೂ ಮೇಜಿನ ಕೆಳಗೆ ಇಳಿಸಿಕೊಂಡಳು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಹಿಂದಿನ ವರ್ಷದಿಂದಲೂ ಆ ಯಂತ್ರ ಅವಳ ಕೈಯಲ್ಲೇ ಹೆಚ್ಚು ಸಲ ನಿಂತಿದೆ. ‘ಕೆಡಿಸಿದವಳು’ ಎಂಬ ಹೆಸರು ಅಂಟಿದೆ. ಈಗ ಅವಳು ಪಕ್ಕದವಳಿಗೆ ಮೌಸ್ ಕೊಟ್ಟು ತಾನು ನೋಡುತ್ತಾ ಕೂರುತ್ತಾಳೆ. ಅವಳನ್ನು ನೋಡಿ ಇನ್ನಿಬ್ಬರು ಮೂವರು ಹುಡುಗಿಯರೂ ಹಾಗೇ.

ನನ್ನ ಪಾಠ ವೀಕ್ಷಿಸಿದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಔಷಧಿಗಳ ಪಟ್ಟಿ ಕೊಟ್ಟಿರಿ, ರೋಗಿಯನ್ನು ಯಾರೂ ನೋಡಲಿಲ್ಲ.” ಬೇಸರವಾಯಿತು. ಆದರೆ ಅವರು ಬರೆದದ್ದು ಸರಿಯಾಗಿತ್ತು.

ಮರುದಿನ ಒಂದು ನೂರು ಪುಟದ ನೋಟ್‌ಬುಕ್ಕನ್ನು ದಾರ ಕಟ್ಟಿ ಮೂರನೇ ನಂಬರಿನ ಪಕ್ಕದ ಮೊಳೆಗೆ ತೂಗುಹಾಕಿದೆ. ಯಂತ್ರ ಆನ್ ಮಾಡಿದ ಸಮಯ, ನಿಂತ ಸಮಯ, ಆಗ ತೆರೆದಿದ್ದ ಕೆಲಸ, ಇವು ಅಂಕಣಗಳು. ಇನ್ನೆರಡು ಅಂಕಣಗಳು ಮುಖ್ಯವಾದವು: ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹೊತ್ತಿ ಆರುತ್ತದೆಯೇ? ಡಬ್ಬದ ಮುಂಭಾಗದ ಹಾರ್ಡ್‌ಡಿಸ್ಕ್ ದೀಪ ಹೇಗಿದೆ? ಕ್ಯಾಪ್ಸ್ ಲಾಕ್ ದೀಪ ಸ್ಪಂದಿಸಿದರೆ ಆಪರೇಟಿಂಗ್ ಸಿಸ್ಟಮ್ ಒಳಗೆ ಇನ್ನೂ ಉಸಿರಾಡುತ್ತಿದೆ, ಯಾವುದೋ ಕೆಲಸದಲ್ಲಿ ಸಿಕ್ಕಿಕೊಂಡಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಕಾಯಬೇಕು, ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ನೋಡಬೇಕು. ದೀಪವೂ ಮಿಸುಕದಿದ್ದರೆ ಪೂರ್ತಿ ನಿಂತಿದೆ. ಪವರ್ ಬಟನ್ ಒತ್ತಿ ಹಿಡಿದು ಆರಿಸುವುದೇ ಉಳಿದ ದಾರಿ. ಮಕ್ಕಳು ಎರಡನ್ನೂ ‘ಹ್ಯಾಂಗ್’ ಎನ್ನುತ್ತಿದ್ದರು. ನಾನೂ ಅಲ್ಲಿಯವರೆಗೆ ಹಾಗೇ ಅನ್ನುತ್ತಿದ್ದೆ.

‘ಯಾರು ಕೂತಿದ್ದರು’ ಎಂಬ ಅಂಕಣವನ್ನು ಬೇಕೆಂದೇ ಬಿಟ್ಟಿದ್ದೆ. ಅವಳೇ ಬಂದು, “ಅದನ್ನೂ ಹಾಕಿ ಮಿಸ್” ಎಂದಳು. ಕ್ರಮಸಂಖ್ಯೆ ಬರೆಯುವುದೆಂದು ತೀರ್ಮಾನವಾಯಿತು.

ಮೊದಲ ವಾರ ಎಲ್ಲ ತರಗತಿಗಳಿಂದ ಸೇರಿ ಆರು ಸಲ ನಿಂತಿತು. ಆರೂ ಸಲ ಹುಡುಗಿಯರ ಕೈಯಲ್ಲಿ. ಅದರಲ್ಲಿ ಎರಡು ಸಲ ಅವಳ ಕೈಯಲ್ಲಿ. ಹುಡುಗರಿಗೆ ಹಬ್ಬ. ನನಗೆ ಗಾಬರಿ: ಸುಳ್ಳು ಆರೋಪವನ್ನು ಅಳಿಸಲು ಇಟ್ಟ ಪುಸ್ತಕ ಅದಕ್ಕೆ ಸಾಕ್ಷಿ ಹೇಳುತ್ತಿದೆಯಲ್ಲ! ಅಂಕಣವನ್ನು ಹೊಡೆದುಹಾಕಲೇ ಎಂದೂ ಯೋಚಿಸಿದೆ. ಆ ಅವಧಿಯ ಕೊನೆಯಲ್ಲಿ ಅವಳು ಎದ್ದು ನಿಂತು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: “ಮಿಸ್, ನಾವು ಯಾವಾಗ್ಲೂ ಎರಡನೇ ಸರದೀಲೇ ಅಲ್ವಾ ಕೂರೋದು?”

ಹೌದು. ಲ್ಯಾಬ್‌ನ ರೂಢಿ ಅದು. 40 ನಿಮಿಷದ ಅವಧಿಯಲ್ಲಿ ಮೊದಲ 20 ನಿಮಿಷ ಹುಡುಗರು, ಆಮೇಲೆ ಹುಡುಗಿಯರು. ಪುಸ್ತಕದಲ್ಲಿ ಆನ್ ಮಾಡಿದ ಸಮಯ, ನಿಂತ ಸಮಯ ಎರಡೂ ಇದ್ದವು, ಕಳೆಯಲು ಹೇಳಿದೆ. 24, 27, 22, 26, 23, 28 ನಿಮಿಷ. ಕಪ್ಪುಹಲಗೆಯ ಮೇಲೆ ಈ ಆರು ಸಂಖ್ಯೆಗಳು ಬಂದಾಗ ತರಗತಿ ಸುಮ್ಮನಾಯಿತು. ‘ಯಾರು’ ಮತ್ತು ‘ಎಷ್ಟು ಹೊತ್ತಿಗೆ’ ಎಂಬ ಎರಡು ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸುವುದು ಹೇಗೆಂದು ಕೇಳಿದಾಗ ಉತ್ತರ ಕೂಡಲೇ ಬಂತು: ಸರದಿ ಅದಲುಬದಲು ಮಾಡಬೇಕು. ಒಬ್ಬ ಮೌಸನ್ನೂ ಬದಲಿಸೋಣ ಎಂದ, ಇನ್ನೊಬ್ಬ ಮಾನಿಟರನ್ನೂ ಎಂದ. ಬೇಡ ಎಂದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಹೇಳುವವರು ಯಾರು? ನಮ್ಮ ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ಚರಾಂಶಗಳ ನಿಯಂತ್ರಣ ಎಂದು ಬರೆದುಕೊಂಡದ್ದನ್ನು ನಾನು ಅರ್ಥಮಾಡಿಕೊಂಡದ್ದೂ ಆ ದಿನವೇ.

ಎರಡನೇ ವಾರ ಹುಡುಗಿಯರು ಮೊದಲು ಕೂತರು. ಐದು ಸಲ ನಿಂತಿತು, ಐದೂ ಹುಡುಗರ ಕೈಯಲ್ಲಿ. ಹಿಂದೆ ನಕ್ಕಿದ್ದ ಹುಡುಗನ ಕ್ರಮಸಂಖ್ಯೆಯೂ ಅದರಲ್ಲಿತ್ತು. ಅವನೇ ಬರೆದ.

ನಡುವೆ ನಾನೂ ಒಂದು ತಪ್ಪು ಮಾಡಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದಾಗ ‘ಕರ್ನಲ್-ಪವರ್ 41’ ಎಂಬ ಕೆಂಪು ಗುರುತಿನ ನಮೂದುಗಳು ಸಾಲಾಗಿ ಕಂಡವು. ‘ಪವರ್’ ಎಂಬ ಪದ ನೋಡಿ, ಕರೆಂಟಿನದೇ ತೊಂದರೆ ಎಂದು ತರಗತಿಗೆ ಘೋಷಿಸಿದೆ. ಮುಖ್ಯೋಪಾಧ್ಯಾಯರು ಎಲೆಕ್ಟ್ರಿಷಿಯನ್ ಕರೆಸಿ ಯುಪಿಎಸ್ ಪರೀಕ್ಷೆ ಮಾಡಿಸಿದರು, ದೋಷವಿರಲಿಲ್ಲ. ಆಮೇಲೆ ಓದಿ ತಿಳಿದೆ: ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದಷ್ಟೇ ಆ ನಮೂದಿನ ಅರ್ಥ. ಹ್ಯಾಂಗ್ ಆದಾಗ ನಾವೇ ಬಟನ್ ಒತ್ತಿ ಆರಿಸುತ್ತಿದ್ದೆವಲ್ಲ, ಅದರ ವರದಿ. ಮಕ್ಕಳ ಮುಂದೆ ಇದನ್ನು ಒಪ್ಪಿಕೊಂಡು ಪುಸ್ತಕದಲ್ಲಿ ಆ ಊಹೆಯ ಮೇಲೆ ಗೆರೆ ಎಳೆದೆ.

ಮುಂದಿನ ಪ್ರಶ್ನೆ, ದೋಷ ವಿಂಡೋಸ್‌ನದೋ ಯಂತ್ರದ್ದೋ ಎಂಬುದು. ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಉಬುಂಟು ಚಾಲೂ ಮಾಡಿದೆವು. 25ನೇ ನಿಮಿಷಕ್ಕೆ ಅದೂ ನಿಂತಿತು. “ಹಂಗಾದ್ರೆ ಫಾರ್ಮ್ಯಾಟ್ ಹೊಡೆದಿದ್ರೂ ನಿಲ್ತಿತ್ತು” ಎಂದ, ಮೊದಲು ಫಾರ್ಮ್ಯಾಟ್ ಎಂದಿದ್ದ ಹುಡುಗನೇ. ಆ ಯಂತ್ರದಲ್ಲಿ ಶಾಲೆಯ ಎರಡು ವರ್ಷದ ಫೋಟೊಗಳೂ ಕಿರುಪರೀಕ್ಷೆಯ ಅಂಕಪಟ್ಟಿಗಳೂ ಇದ್ದವು. ಅವಸರದಲ್ಲಿ ಅವೆಲ್ಲ ಹೋಗಿಬಿಡುತ್ತಿದ್ದವು.

ಸುಳಿವು ಪುಸ್ತಕದಲ್ಲೇ ಇತ್ತು. ನಿಂತ ಕೂಡಲೇ ಮತ್ತೆ ಆನ್ ಮಾಡಿದ ದಿನಗಳಲ್ಲಿ ಐದಾರು ನಿಮಿಷಕ್ಕೇ ಮತ್ತೆ ನಿಂತಿದೆ. ಊಟದ ವಿರಾಮ ಕಳೆದು ಆನ್ ಮಾಡಿದಾಗ ಮತ್ತೆ 20 ನಿಮಿಷ ದಾಟಿದೆ. ಜೊತೆಗೆ, ನಿಲ್ಲುವ ಮೊದಲು ಮೌಸ್ ಎಳೆದೆಳೆದು ಚಲಿಸುತ್ತದೆ ಎಂದು ಮೂವರು ಬರೆದಿದ್ದರು. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ಮೊದಲು ತನ್ನ ವೇಗ ತಗ್ಗಿಸುತ್ತದೆ. ಇನ್ನೊಮ್ಮೆ ನಿಂತಾಗ ಮತ್ತೆ ಆನ್ ಮಾಡಿ ನೇರವಾಗಿ ಬಯಾಸ್ ಪುಟಕ್ಕೆ ಹೋದೆವು. ಅಲ್ಲಿ ಉಷ್ಣತೆ 93 ಡಿಗ್ರಿ ಸೆಲ್ಸಿಯಸ್. ಅಷ್ಟೇ ಹೊತ್ತು ನಡೆದ ಐದನೇ ನಂಬರಿನಲ್ಲಿ 51.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಪಕ್ಕದ ಮುಚ್ಚಳ ತೆಗೆದೆವು. (ನಾವೆಲ್ಲ ಡಬ್ಬಕ್ಕೇ ಸಿಪಿಯು ಎನ್ನುತ್ತೇವೆ, ನಿಜವಾದ ಸಿಪಿಯು ಫ್ಯಾನಿನ ಅಡಿಯ ಒಂದು ಪುಟ್ಟ ಚೌಕ ಎಂದು ತೋರಿಸಲು ಇದೇ ಸಂದರ್ಭ.) ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಸೀಮೆಸುಣ್ಣದ ಪುಡಿ, ರಸ್ತೆಯ ಧೂಳು ಸೇರಿ ಕಂಬಳಿಯ ತುಂಡಿನಂತೆ ಕೂತಿತ್ತು. “ನಮ್ಮ ಟ್ರ್ಯಾಕ್ಟರ್ ರೇಡಿಯೇಟರ್‌ಗೆ ಹೊಟ್ಟು ತುಂಬ್ಕೊಂಡಂಗೆ ಐತೆ ಮಿಸ್” ಎಂದನೊಬ್ಬ. ಉಷ್ಣ ಪ್ರಸಾರವನ್ನು ಅದಕ್ಕಿಂತ ಚೆನ್ನಾಗಿ ನಾನು ವಿವರಿಸಿರಲಿಲ್ಲ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಒಣ ಬ್ರಷ್‌ನಿಂದ ಧೂಳು ತೆಗೆದೆವು. ಒಣಗಿಹೋಗಿದ್ದ ಥರ್ಮಲ್ ಪೇಸ್ಟನ್ನು ಊರಿನ ಕಂಪ್ಯೂಟರ್ ಅಂಗಡಿಯವರು ಬಂದು ಬದಲಿಸಿದರು. ಈ ಪಾಠ ಮಾಡುವವರು ಒಂದನ್ನು ಮರೆಯಬಾರದು: ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಇಷ್ಟಕ್ಕೆ ನಾಲ್ಕು ಅವಧಿ ಯೋಜಿಸಿದ್ದೆ, ಏಳು ಹಿಡಿಯಿತು. ಎರಡು ಅವಧಿ ವಿಜ್ಞಾನದಿಂದ ಸಾಲ ಪಡೆದದ್ದು. ಘಟಕ ಪರೀಕ್ಷೆಯಲ್ಲಿ ‘ಹ್ಯಾಂಗ್ ಆಗಲು ಕಾರಣಗಳನ್ನು ಪಟ್ಟಿಮಾಡಿ’ ಎಂಬ ಪ್ರಶ್ನೆ ಬಿಟ್ಟು, ಬೇರೊಂದು ಯಂತ್ರದ ಎಂಟು ಸಾಲಿನ ದಾಖಲೆ ಕೊಟ್ಟು, ‘ಮುಂದೆ ಯಾವ ಒಂದು ಪರೀಕ್ಷೆ ಮಾಡುತ್ತೀರಿ, ಅದರಿಂದ ಏನು ತಿಳಿಯುತ್ತದೆ?’ ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ಪರೀಕ್ಷೆ ಬರೆದರು. ಉಳಿದವರು ನಾಲ್ಕೈದನ್ನು ಒಟ್ಟಿಗೆ ಬರೆದರು. ಅವರಿಗೆ ಸರದಿ ಅದಲುಬದಲಿನ ಪ್ರಸಂಗವನ್ನೇ ಮತ್ತೆ ಮಾಡಿಸಬೇಕಿತ್ತು, ಸಮಯ ಸಾಲಲಿಲ್ಲ.

ಮೂರನೇ ನಂಬರು ಮೂರು ದಿನ ಪೂರ್ತಿ ಅವಧಿ ನಡೆಯಿತು. ನಾಲ್ಕನೇ ದಿನ 9ನೇ ನಿಮಿಷಕ್ಕೆ ನಿಂತಿತು. ಆಗ ಮೌಸ್ ಅವಳ ಕೈಯಲ್ಲೇ ಇತ್ತು. ಯಾರೂ ಏನೂ ಅನ್ನುವ ಮೊದಲೇ ಅವಳು ಕ್ಯಾಪ್ಸ್ ಲಾಕ್ ಒತ್ತಿ ನೋಡಿ, ಮೊಳೆಯಿಂದ ಪುಸ್ತಕ ತೆಗೆದು ಬರೆದಳು: ದೀಪ ಸ್ಪಂದಿಸುತ್ತದೆ, ಹಾರ್ಡ್‌ಡಿಸ್ಕ್ ದೀಪ ಒಂದೇ ಸಮ ಹೊತ್ತಿದೆ, ಎರಡು ನಿಮಿಷದ ಮೇಲೆ ತಾನೇ ಸರಿಹೋಯಿತು. ಇದು ಬೇರೆ ಕಾಯಿಲೆ. ಫೋಟೊ, ಅಂಕಪಟ್ಟಿಗಳನ್ನು ಅದೇ ದಿನ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆವು. ಹಾರ್ಡ್‌ಡಿಸ್ಕ್ ಪರೀಕ್ಷೆಯನ್ನು ಈಗ ಅಲ್ಲಿಗೆ ಹೋಗಿರುವ ನನ್ನ ಸಹಪಾಠಿ ಮುಂದುವರಿಸುತ್ತಿದ್ದಾರೆ.