ವೇಗದ ಕಾರಿಗೆ ಆಸೆಪಟ್ಟ ಹುಡುಗನಿಗೆ

ಬೊಮ್ಮನಹಾಳ್,
ಅನಂತಪುರ ಜಿಲ್ಲೆ

ಪ್ರೀತಿಯ ತಮ್ಮಾ,

ಬೆಂಗಳೂರಿನಲ್ಲಿ ನೀನು ನೋಡಿಟ್ಟಿರುವ 2006ರ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಫೋಟೊ ನೋಡಿದೆ. 'ಹೊಸ ಎಸ್‌ಯುವಿ ಬೆಲೆಗೆ ಪೋರ್ಷೆ ಸಿಗ್ತಿದೆ ದೊಡ್ಡಪ್ಪ, ತಗೊಳ್ಳಲಾ?' ಎಂದು ಕೇಳಿದ್ದೀಯ. ರಾಯದುರ್ಗ, ಮಡಕಶಿರಾ, ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ಹೋಗಿ ಕೈತುಂಬ ಸಂಪಾದಿಸುತ್ತಿರುವ ಎಷ್ಟೋ ಹುಡುಗರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇದೆ. ಅವರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನಿನ್ನ ಆಸೆ ತಪ್ಪಲ್ಲ. ಆಯುಷ್ಯವೆಲ್ಲ ಬಳ್ಳಾರಿಯ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಕೂಡಿಸಿದವನು ನಾನು. ಒಳ್ಳೆಯ ಎಂಜಿನ್ನಿನ ದನಿ ಕೇಳಿದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. ನೀನು ನೋಡಿರುವ ಕಾರಿನಲ್ಲಿ 2.7 ಲೀಟರಿನ, ಆರು ಸಿಲಿಂಡರಿನ ಎಂಜಿನ್ ಸೀಟುಗಳ ಹಿಂದೆ, ನೆಲಕ್ಕೆ ಹತ್ತಿರವಾಗಿ ಮಲಗಿದೆ. 240 ಅಶ್ವಶಕ್ತಿ, ತೂಕ ಸುಮಾರು 1,300 ಕೆ.ಜಿ. ಭಾರವೆಲ್ಲ ಕಾರಿನ ನಡುವೆ ಕೂತಿರುವುದರಿಂದ ತಿರುವಿನಲ್ಲಿ ಕಾರು ಹೆಚ್ಚು ವಾಲುವುದಿಲ್ಲ, ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ. ರಸ್ತೆಯ ಏರುತಗ್ಗು ಅಂಗೈಗೆ ತಿಳಿಯುತ್ತದೆ. ಆ ಸುಖ ನಿಜವಾದದ್ದು. ಅದನ್ನು ಶೋಕಿ ಎಂದು ತಳ್ಳಿಹಾಕುವವರ ಮಾತಿಗೆ ನಾನು ದನಿಗೂಡಿಸುವುದಿಲ್ಲ.

ಆದರೆ ಕಾರು ಕೊಳ್ಳುವುದು ಬೇರೆ, ಸಾಕುವುದು ಬೇರೆ. ಬೆಲೆ ಇಳಿದಿರುವುದು ಕಾರಿನದ್ದು. ಅದರ ಬಿಡಿಭಾಗದ ಬೆಲೆ ಇಳಿದಿಲ್ಲ, ಕೆಲಸದ ಕೂಲಿಯೂ ಇಳಿದಿಲ್ಲ. ಇಪ್ಪತ್ತು ವರ್ಷ ಹಳೆಯದಾದರೂ ಅದು ದುಬಾರಿ ಪೋರ್ಷೆಯ ಖರ್ಚನ್ನೇ ಕೇಳುತ್ತದೆ.

ಆ ಎಂಜಿನ್ನಿನ ಹೊಟ್ಟೆಯ ವಿಷಯ ತಿಳಿದುಕೋ. 1990ರ ದಶಕದ ಕೊನೆಯಿಂದ 2008ರವರೆಗೆ ಬಂದ ಬಾಕ್ಸ್‌ಸ್ಟರ್ ಮತ್ತು ಹೆಚ್ಚಿನ 911 ಕಾರುಗಳ ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ಒಂದು ದಂಡ ಇದೆ. ಅದರ ಒಂದು ತುದಿಯ ಬೇರಿಂಗ್ ಸವೆದು ಒಡೆದರೆ ವಾಲ್ವ್‌ಗಳ ತಾಳ ತಪ್ಪುತ್ತದೆ, ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಒಂದೇ ಏಟಿಗೆ ಹಾಳಾಗುತ್ತದೆ. ಎಲ್ಲ ಕಾರಿಗೂ ಹೀಗಾಗುತ್ತದೆ ಎಂದಲ್ಲ, ಬಹಳಷ್ಟು ಇವತ್ತಿಗೂ ಚೆನ್ನಾಗಿ ಓಡುತ್ತಿವೆ. ಆದರೆ ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋಗುವಷ್ಟು ಇದು ದೊಡ್ಡ ವಿಷಯವಾಯಿತು. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟನ್ನೇ ತೆಗೆದುಹಾಕಿದರು. ಇದು ಪೋರ್ಷೆಗೆ ಮಾತ್ರ ಅಂಟಿದ ಕತೆಯೂ ಅಲ್ಲ. ಹತ್ತು ಸಿಲಿಂಡರಿನ ಬಿಎಂಡಬ್ಲ್ಯು ಎಂ5 ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆತಕ್ಕೆ ಹೆಸರಾಯಿತು. ಫೆರಾರಿ ಎಫ್355ರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಮಾರುತಿಯಲ್ಲಿ ಒಂದು ಮಧ್ಯಾಹ್ನದ ಕೆಲಸವಾಗುವುದು ಅಲ್ಲಿ ದಿನಗಟ್ಟಲೆ ಹಿಡಿಯುತ್ತದೆ.

ಇನ್ನು ಆ ಕಾರನ್ನು ನಮ್ಮೂರಿಗೆ ತಂದೆ ಎಂದುಕೊಳ್ಳೋಣ. ಬಾನೆಟ್ ಎತ್ತಿದರೆ ಅಲ್ಲಿ ಎಂಜಿನ್ ಇರುವುದಿಲ್ಲ, ಬ್ಯಾಗ್ ಇಡುವ ಜಾಗ ಇರುತ್ತದೆ. ಹಿಂದಿನ ಡಿಕ್ಕಿ ತೆಗೆದರೆ ಆಯಿಲ್ ಮತ್ತು ಕೂಲಂಟ್ ಸುರಿಯುವ ಎರಡು ಮುಚ್ಚಳ ಕಾಣುತ್ತವೆ, ಅಷ್ಟೆ. ಎಂಜಿನ್ನನ್ನು ಕಣ್ಣಾರೆ ನೋಡಬೇಕಾದರೆ ಟಾಪ್ ಸರಿಸಿ ಸೀಟಿನ ಹಿಂದಿನ ಹಲಗೆ ಬಿಚ್ಚಬೇಕು, ಇಲ್ಲವೇ ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ಕೈ ಹಾಕಬೇಕು. ಬಳ್ಳಾರಿಯಲ್ಲಿ ಲಾರಿ, ಇನ್ನೋವಾ, ಬೊಲೆರೊ ಕಣ್ಣು ಮುಚ್ಚಿ ಬಿಚ್ಚುವ ಮೆಕ್ಯಾನಿಕ್‌ಗಳಿದ್ದಾರೆ. ಅವರ ಕೈಚಳಕಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಈ ಕಾರಿಗೆ ಬೇಕಾದ ಸ್ಕ್ಯಾನರ್ ಮತ್ತು ಟೂಲ್ಸ್ ಇಲ್ಲದೆ ಅವರಾದರೂ ಏನು ಮಾಡಿಯಾರು? ಕಂಪನಿಯ ವರ್ಕ್‌ಶಾಪ್ ಇರುವುದು ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಕೆಟ್ಟ ಕಾರನ್ನು ಅಷ್ಟು ದೂರ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಫ್ಲಾಟ್‌ಬೆಡ್ ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು.

ನಮ್ಮ ರಸ್ತೆ, ನಮ್ಮ ಹವೆ ನಿನಗೆ ಹೇಳಬೇಕಾಗಿಲ್ಲ. ಇಂಡಿಯನ್ ರೋಡ್ ಕಾಂಗ್ರೆಸ್ ನಿಯಮದಂತೆ ಹಂಪ್ಸ್ 3.7 ಮೀಟರ್ ಅಗಲವಿದ್ದು, ನಡುವೆ 10 ಸೆಂ.ಮೀ. ಎತ್ತರವಿರಬೇಕು. ಹಾಗೆ ಇಳಿಜಾರಾಗಿ ಕಟ್ಟಿದರೆ ತಗ್ಗಾದ ಕಾರೂ ನಿಧಾನಕ್ಕೆ ದಾಟೀತು. ಹಳ್ಳಿಗಳಲ್ಲಿ ಅಪಘಾತವಾದ ಮರುದಿನ ಜನರೇ ಸಿಮೆಂಟು ಸುರಿದು ಕಟ್ಟಿದ ಕಡಿದಾದ ಹಂಪ್ಸ್‌ಗಳ ಮಾತೇ ಬೇರೆ. ಇಂಥ ಕಾರುಗಳ ಹೊಟ್ಟೆಗೂ ನೆಲಕ್ಕೂ ನಡುವೆ 10ರಿಂದ 13 ಸೆಂ.ಮೀ. ಇದ್ದರೆ ಹೆಚ್ಚು. ಮುಂದಿನ ಬಂಪರಿನ ಅಂಚು ಉಜ್ಜುವುದು ಖಚಿತ. ಜೊತೆಗೆ ಹಗರಿ ನದಿಯ ಪಾತ್ರದಿಂದ ಗಾಳಿಗೆ ಎದ್ದು ಬಂದು ಗೋವಿಂದವಾಡ, ದರ್ಗಾ ಹೊನ್ನೂರಿನ ಸುತ್ತ ದಿಬ್ಬವಾಗಿ ಕೂತಿರುವ ಮರಳು ಇದೆ. ಬಾಕ್ಸ್‌ಸ್ಟರಿನ ರೇಡಿಯೇಟರುಗಳು ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ, ನೆಲಕ್ಕೆ ಹತ್ತಿರದಲ್ಲಿವೆ. ಒಣಗಿದ ಎಲೆ, ಧೂಳು, ಮರಳು ಅಲ್ಲೇ ಹೋಗಿ ತುಂಬಿಕೊಳ್ಳುತ್ತವೆ. ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಆ ರೇಡಿಯೇಟರ್ ಉಸಿರಾಡದಿದ್ದರೆ ಎಂಜಿನ್ ಏನಾದೀತೆಂದು ನೀನೇ ಯೋಚಿಸು.

ಹಾಗಾದರೆ ಹೊರಗೆ ತೆಗೆಯದೆ ಜೋಪಾನವಾಗಿ ಶೆಡ್ಡಿನಲ್ಲಿ ಇಡುತ್ತೇನೆ ಎನ್ನಬೇಡ. ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಬ್ಯಾಟರಿ ಇಳಿಯುತ್ತದೆ, ರಬ್ಬರ್ ಸೀಲು ಒಣಗುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಈಗ ಪಂಪಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರಿನಂಶವನ್ನು ಎಳೆದುಕೊಳ್ಳುವ ಗುಣದ್ದು. ಹಳೆಯ ಕಾರುಗಳ ಪೈಪು, ಗ್ಯಾಸ್ಕೆಟ್ ಇಷ್ಟು ಎಥನಾಲಿಗೆ ತಯಾರಾದವಲ್ಲ. 'ಬರೀ ಹದಿನೈದು ಸಾವಿರ ಕಿಲೋಮೀಟರ್ ಓಡಿದೆ' ಎಂದು ಬ್ರೋಕರ್ ಹೇಳಿದಾಗ ಹಿಗ್ಗಬೇಡ, ಇಷ್ಟು ವರ್ಷ ಅದು ಎಲ್ಲಿ, ಹೇಗೆ ನಿಂತಿತ್ತು ಎಂದು ಕೇಳು.

ಟೈರನ್ನಂತೂ ಬಗ್ಗಿ ನೋಡಲೇಬೇಕು. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2315 ಎಂದಿದ್ದರೆ 2015ರ 23ನೇ ವಾರದಲ್ಲಿ ತಯಾರಾದ ಟೈರು. ಗೀರು ಆಳವಾಗಿದ್ದರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ ರಸ್ತೆಯ ಹಿಡಿತ ಬಿಡುತ್ತದೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಮತ್ತು ಅವರ ಸ್ನೇಹಿತ ಪೋರ್ಷೆ ಕರೆರಾ ಜಿಟಿ ಅಪಘಾತದಲ್ಲಿ ಸತ್ತರು. ಅತಿವೇಗವೇ ಕಾರಣ ಎಂದು ತನಿಖೆ ಹೇಳಿತು. ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತು ಎಂಬುದನ್ನೂ ಅದೇ ತನಿಖೆ ಎತ್ತಿ ಹೇಳಿತು. ಆವತ್ತು ಸ್ಟೀರಿಂಗ್ ಹಿಡಿದಿದ್ದ ಸ್ನೇಹಿತ ರೇಸಿನಲ್ಲಿ ಪಳಗಿದವರು. ಅವರಿಗೇ ಹಾಗಾಯಿತು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. 1953ರಲ್ಲಿ ನಮ್ಮ ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿತು, ಬಳ್ಳಾರಿ ಮೈಸೂರಿಗೆ ಸೇರಿತು. ಮಾತು, ನೆಂಟಸ್ತನ, ಸಂತೆ ಎಲ್ಲ ಆ ಕಡೆ, ಗಾಡಿಯ ನಂಬರ್ ಮಾತ್ರ ಎಪಿ. ನೀನು ಎಪಿ 39 ನಂಬರಿನ ಕಾರನ್ನು ಬೆಂಗಳೂರಿನಲ್ಲಿಟ್ಟುಕೊಂಡರೆ, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 12 ತಿಂಗಳ ನಂತರ ಅಲ್ಲಿನ ನಂಬರ್ ಪಡೆಯಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ದುಬಾರಿ ಕಾರುಗಳ ಮೇಲೆ ಅಲ್ಲಿನ ಸಾರಿಗೆ ಇಲಾಖೆಗೆ ಈಗ ವಿಶೇಷ ಕಣ್ಣು. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಬೆಂಗಳೂರಿನಲ್ಲಿ ವಸೂಲಾದ ತೆರಿಗೆ ಮತ್ತು ದಂಡ ಸೇರಿ ₹1.4 ಕೋಟಿ ದಾಟಿತ್ತು. ಕಾರಿನ ಲೆಕ್ಕ ಹಾಕುವಾಗ ಇದನ್ನೂ ಮೊದಲೇ ಸೇರಿಸಿಕೋ.

ಈಗ ಬೆಂಗಳೂರಿನ ಕಂಪನಿಗಳದೇ ಎರಡು ಕಾರಿನ ಕತೆ ಕೇಳು. 1982ರಲ್ಲಿ ಅಲ್ಲಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅಚ್ಚು ಅದು, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಹಗುರವಾಗಿದ್ದುದರಿಂದ ರ್‍ಯಾಲಿ ಓಡಿಸುವವರಿಗೆ ಅದೆಂದರೆ ಪ್ರಾಣ. 1998ರಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆ, ರೆನೋ ಕಂಪನಿಯ 1.2 ಲೀಟರ್ ಎಂಜಿನ್ ಹಾಕಿ, ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಎಂಬ ಟಾಪ್ ತೆರೆಯುವ ಕಾರನ್ನು ಗೋವಾದಲ್ಲಿ ಕಟ್ಟಿತು. ಎರಡೂ ಉಳಿಯಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಾತ್ರ ಮೂರು ದಶಕ ದೇಶವನ್ನು ಹೊತ್ತು ತಿರುಗಿತು. ಅದರಲ್ಲಿ ಮೈ ಜುಮ್ಮೆನಿಸುವಂಥದ್ದು ಏನೂ ಇರಲಿಲ್ಲ. ಆದರೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು, ಕಣೇಕಲ್ಲಿನಂಥ ಸಣ್ಣ ಊರಿನಲ್ಲಿ ಕೆಟ್ಟರೂ ರಿಪೇರಿ ಮಾಡುವವರಿದ್ದರು, ಸ್ಪೇರ್ ಪಾರ್ಟ್ಸ್ ಎಲ್ಲ ಊರಲ್ಲೂ ಸಿಗುತ್ತಿತ್ತು. ಕಾರಿನ ಆಯುಷ್ಯ ನಿಂತಿರುವುದು ಇದರ ಮೇಲೆ.

ವೇಗಕ್ಕೂ ನಂಬಿಕೆಗೂ ಎಣ್ಣೆ ಸೀಗೆಕಾಯಿ ಸಂಬಂಧವೇನೂ ಇಲ್ಲ ಎಂಬುದನ್ನೂ ಹೇಳಬೇಕು. ಜಪಾನಿನ ಮಜ್ದಾ ಕಂಪನಿ 1989ರಲ್ಲಿ ತಂದ ಎಂಎಕ್ಸ್-5, ಸಣ್ಣ ಎಂಜಿನ್ನಿನ, ಹಗುರವಾದ, ಸುಲಭಕ್ಕೆ ಕೆಡದ ಎರಡು ಸೀಟಿನ ಕಾರು. 2016ರ ಹೊತ್ತಿಗೆ ಅಂಥವು ಹತ್ತು ಲಕ್ಷ ತಯಾರಾದವು. ನಮ್ಮಲ್ಲೇ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಅದೇ ಮಾರುತಿ 800ರ ಎಂಜಿನ್ ಹಾಕಿ ಒಂದೇ ಸೀಟಿನ ರೇಸ್ ಕಾರು ಕಟ್ಟಿದರು. ಆ ಫಾರ್ಮುಲಾ ಮಾರುತಿಯಲ್ಲಿ ರೇಸ್ ಶುರುಮಾಡಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯರಾದರು. ಓಡಿಸುವವನು ಪಳಗಿದ್ದರೆ ಸಾದಾ ಎಂಜಿನ್ನೂ ಎಷ್ಟು ಎತ್ತರಕ್ಕೆ ಒಯ್ಯುತ್ತದೆ ನೋಡು.

ದುಡ್ಡಿನ ವಿಷಯದಲ್ಲಿ ನಮ್ಮ ಸೀಮೆ ಒಂದು ಪಾಠ ಕಲಿತಿದೆ, ಅದನ್ನು ಮರೆಯಬೇಡ. ಓಬಳಾಪುರ, ಡಿ. ಹಿರೇಹಾಳ್, ಸಂಡೂರಿನ ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ಬಳ್ಳಾರಿಯ ಬೀದಿಯಲ್ಲಿ ಎಂಥೆಂಥ ಕಾರು ಓಡಿದವೋ! ಆ ದುಡ್ಡು ಬತ್ತುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಕೈಚೆಲ್ಲಿದರು, ಗ್ಯಾರೇಜಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತು ತುಕ್ಕು ಹಿಡಿದವು. ನಿನ್ನ ಕೆಲಸ ಬೇರೆ, ಸಂಬಳ ಬೇರೆ, ಒಪ್ಪಿದೆ. ಆದರೂ ಮೋಜಿನ ವಸ್ತುವಿಗೆ ಸಾಲ ಮಾಡಬಾರದು ಎಂಬ ಮಾತು ನಿನಗೂ ಅನ್ವಯಿಸುತ್ತದೆ.

ಕೊನೆಗೆ ನನ್ನ ಸಲಹೆ. ಮನೆಯಲ್ಲಿ ಇದೊಂದೇ ಕಾರಾಗುವುದಾದರೆ ಕೊಳ್ಳಬೇಡ. ಅಪರಾತ್ರಿಯಲ್ಲಿ ಅಮ್ಮನಿಗೆ ಎದೆನೋವು ಬಂದರೆ ಬಳ್ಳಾರಿ ಆಸ್ಪತ್ರೆಗೆ ತಪ್ಪದೆ ಮುಟ್ಟಿಸುವ, ನಾಲ್ಕು ಜನ ಕೂರುವ ಕಾರು ಮೊದಲು ಇರಬೇಕು. ಅದಿದ್ದ ಮೇಲೆಯೂ ಕೊಂಡರೆ ಸಾಲವಿಲ್ಲದೆ ಕೊಳ್ಳು, ರಿಪೇರಿಗೆಂದು ಬೇರೆ ಹಣ ತೆಗೆದಿಡು, ಆ ಹಣ ಮುಟ್ಟದಿರು. ಸರ್ವಿಸ್ ಬಿಲ್ಲುಗಳು ಪೂರ್ತಿ ಇಲ್ಲದ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ನೀನೇ ಹೋಗಿ ಸ್ಟಾರ್ಟ್ ಮಾಡಿಸು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ತಿಳಿ. ಆ ಕಾರಿಗೆ ಸಂಬಂಧವಿಲ್ಲದ, ಪೋರ್ಷೆ ಬಲ್ಲ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಲಿಫ್ಟಿನ ಮೇಲೇರಿಸಿ ಪರೀಕ್ಷೆ ಮಾಡಿಸು. ಆಯಿಲ್ ಫಿಲ್ಟರ್ ಕೊಯ್ದು ಲೋಹದ ಪುಡಿ ಇದೆಯೇ ನೋಡಿಸು. ನಾನು ಹೇಳಿದ ಆ ಶಾಫ್ಟಿನ ಬೇರಿಂಗ್ ಸವೆಯುತ್ತಿದ್ದರೆ ಗುರುತು ಅಲ್ಲೇ ಸಿಗಬಹುದು. ಕೊಂಡರೆ ಬೆಂಗಳೂರಿನಲ್ಲೇ ಇಡು, ಊರಿಗೆ ಬರುವಾಗ ನಿನ್ನ ಇನ್ನೊಂದು ಕಾರಿನಲ್ಲೇ ಬಾ.

ವೇಗವನ್ನು ಸಾರ್ವಜನಿಕ ರಸ್ತೆಯಲ್ಲಿ ಹುಡುಕಬೇಡ. ನಾಲ್ಕು ಪಥದ ಹೆದ್ದಾರಿಯಲ್ಲೂ ಕಾರಿಗಿರುವ ಮಿತಿ ಗಂಟೆಗೆ 100 ಕಿಲೋಮೀಟರ್. ಬಾಕ್ಸ್‌ಸ್ಟರ್ ಅದನ್ನು ಆರೂ ಚಿಲ್ಲರೆ ಸೆಕೆಂಡಿನಲ್ಲಿ ಮುಟ್ಟುತ್ತದೆ. ಆಮೇಲಿನದ್ದೆಲ್ಲ ಎತ್ತಿನ ಗಾಡಿ, ಕುರಿ ಮಂದೆ, ಶಾಲೆ ಮಕ್ಕಳು ಓಡಾಡುವ ದಾರಿಯಲ್ಲಿ ನೀನು ಬೇರೆಯವರ ಜೀವದ ಮೇಲೆ ಕಟ್ಟುವ ಪಣ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಈ ವರ್ಷ ಕಾರಿಗೆ ಅಡ್ವಾನ್ಸ್ ಕೊಡುವ ಬದಲು ಅಲ್ಲಿಗೆ ಹೋಗಿ ಓಡಿಸುವ ತರಬೇತಿ ಪಡೆ. ಕಾರು ಅವರದು, ಟೈರು ಅವರದು, ಕೆಟ್ಟರೆ ರಿಪೇರಿಯೂ ಅವರದೇ. ನಿನಗೆ ಸಿಗುವುದು ಕಲಿಕೆ ಮತ್ತು ನೀನು ಬಯಸಿದ ಆ ಸುಖ, ಎರಡೂ. ತರಬೇತಿ ಮುಗಿದ ಮೇಲೂ ಆಸೆ ಹಾಗೆಯೇ ಇದ್ದರೆ ನನಗೆ ಫೋನ್ ಮಾಡು. ನಾನೇ ಬೆಂಗಳೂರಿಗೆ ಬಂದು ನಿನ್ನ ಜೊತೆ ಕಾರು ನೋಡುತ್ತೇನೆ. ಅಲ್ಲಿಯವರೆಗೆ ಆ ಕಾರಿಗೆ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ಒಳಿತನ್ನೇ ಬಯಸುವ
ದೊಡ್ಡಪ್ಪ