ದೊಡ್ಡರೋಗ ಮತ್ತು ಡಾಲ್ಫಿನ್

ಹಾನುಬಾಳಿನ ಕಾಫಿ ತೋಟಗಳ ನಡುವೆ ಬೆಳೆದ ನನಗೆ ಕಡಲು ದೂರದ ಮಾತಾಗಿತ್ತು. ಕೊಟ್ಟಿಗೆಯೇ ಹತ್ತಿರದ ಲೋಕ. ಒಂದೇ ಮಳೆಗಾಲದಲ್ಲಿ ದೊಡ್ಡರೋಗವು ಕೊಟ್ಟಿಗೆಯನ್ನು ಬರಿದು ಮಾಡಿತೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ದನಗಳ ಇಂಥ ರೋಗಗಳನ್ನು ಎದುರಿಸಲು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಮ್ ಸಂಸ್ಥೆ ಸ್ಥಾಪಿತವಾಯಿತು. 2011ರಲ್ಲಿ ದೊಡ್ಡರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಆದರೆ ಅದರ ದಾಯಾದಿಯೊಂದು ಕಡಲಿನಲ್ಲಿ ಉಳಿದಿದೆ. 1990ರಲ್ಲಿ ಸ್ಪೇನ್ ದೇಶದ ವೆಲೆನ್ಸಿಯಾ ತೀರಕ್ಕೆ ಪಟ್ಟೆ ಡಾಲ್ಫಿನ್‌ಗಳ ಹೆಣಗಳು ತೇಲಿಬಂದವು. ಎರಡು ವರ್ಷಗಳಲ್ಲಿ ಪಿಡುಗು ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಿಸಿತು. ಅದಕ್ಕೆ ಕಾರಣವಾದ ವೈರಾಣು ದೊಡ್ಡರೋಗದ ವೈರಾಣುವಿನ ಕುಲಕ್ಕೇ ಸೇರಿದುದು. ಡಾಲ್ಫಿನ್‌ಗಳೂ ತಿಮಿಂಗಿಲಗಳೂ ಮೀನುಗಳಲ್ಲ. ದನ, ನೀರಾನೆಗಳ ದೂರದ ಬಂಧುಗಳಾದ ಸಸ್ತನಿಗಳು.

ಪ್ರಾಣಿಯು ರೋಗವನ್ನು ಎದುರಿಸಿದೆಯೇ ಎಂಬುದನ್ನು ಅದರ ರಕ್ತದ ಪ್ರತಿಕಾಯಗಳು ತಿಳಿಸುತ್ತವೆ. ಅವುಗಳನ್ನು ಹಿಡಿದು ತೋರಿಸಲು ಬಣ್ಣ ಬರಿಸುವ ಮತ್ತೊಂದು ಪ್ರತಿಕಾಯ ಬೇಕು. ಮನುಷ್ಯನಿಗೆ, ಇಲಿಗೆ, ಹಸುವಿಗೆ ಅದು ಅಂಗಡಿಯಲ್ಲೇ ದೊರೆಯುತ್ತದೆ. ಡಾಲ್ಫಿನ್‌ಗೆ ಕೊಳ್ಳುವವರು ಯಾರು? ಹಸುವಿಗೆಂದು ಸಿದ್ಧಪಡಿಸಿದ ಕೆಲವು ಸಾಧನಗಳು ಡಾಲ್ಫಿನ್ ರಕ್ತದಲ್ಲಿಯೂ ನಡೆಯುತ್ತವೆ, ಹಲವು ನಡೆಯವು. ಆದುದರಿಂದ ವಿಜ್ಞಾನಿಗಳು ಡಾಲ್ಫಿನ್‌ನ ಪ್ರೋಟೀನುಗಳನ್ನು ಇಲಿಗಳಿಗೆ ಚುಚ್ಚಿ, ಅವುಗಳನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನು ಪಡೆದರು. ಬಿಳಿಯ ರಕ್ತಕಣಗಳ ಬಗೆಗಳನ್ನು ಬೇರ್ಪಡಿಸಿ ಎಣಿಸುವುದು ಇದರಿಂದ ಸಾಧ್ಯವಾಯಿತು.

ಇನ್ನೊಂದು ಉಪಾಯ ದೊಡ್ಡರೋಗದ ಹೋರಾಟದಲ್ಲಿಯೇ ಬಹುವಾಗಿ ಬಳಕೆಯಾದುದು. ವೈರಾಣುವಿನ ಪ್ರೋಟೀನನ್ನು ಅಂಟಿಸಿದ ತಟ್ಟೆಯ ಗುಳಿಯಲ್ಲಿ, ಪರೀಕ್ಷೆಯ ರಕ್ತಸಾರವನ್ನೂ ಗೊತ್ತಿರುವ ಪ್ರತಿಕಾಯವನ್ನೂ ಪೈಪೋಟಿಗೆ ಬಿಡುವರು. ರಕ್ತಸಾರದ ಪ್ರತಿಕಾಯಗಳು ಮೊದಲೇ ಜಾಗ ಹಿಡಿದರೆ ಬಣ್ಣ ಮೂಡುವುದು ಕಡಿಮೆ. ರಕ್ತ ಯಾವ ಪ್ರಾಣಿಯದೆಂಬುದು ಇಲ್ಲಿ ಮುಖ್ಯವಲ್ಲ. ಎಷ್ಟು ಸರಳ ಯುಕ್ತಿ! ಹೊಳೆಯುವವರೆಗೆ ಮಾತ್ರ ಅದು ಕಠಿಣ.

ರಕ್ತ ಪಡೆಯುವುದೇ ದೊಡ್ಡ ತೊಡಕು. ಸಾಕಿದ ಡಾಲ್ಫಿನ್ ತರಬೇತಿಯಿಂದ ಬಾಲವನ್ನು ಒಡ್ಡುತ್ತದೆ. ಅಲ್ಲಿನ ರಕ್ತನಾಳದಿಂದ ತೆಗೆಯಬಹುದು. ದಡಕ್ಕೆ ಬಿದ್ದು ಸತ್ತುದರ ರಕ್ತ ಬೇಗ ಕೆಡುತ್ತದೆ. ಹಳೆಯ ವಿದ್ಯುತ್ ಪರಿವರ್ತಕಗಳ ಎಣ್ಣೆಯಲ್ಲಿದ್ದ ವಿಷಗಳು ಈ ಪ್ರಾಣಿಗಳ ಕೊಬ್ಬಿನಲ್ಲಿ ಸಂಚಯವಾಗಿ, ತಾಯಿಯ ಹಾಲಿನ ಮೂಲಕ ಮರಿಗೂ ಇಳಿಯುತ್ತವೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ.

ಪಿಡುಗಿನಿಂದ ಬದುಕುಳಿದವು ಕಾಲಕ್ರಮದಲ್ಲಿ ಸಾಯುತ್ತವೆ; ಹೊಸದಾಗಿ ಹುಟ್ಟಿದವುಗಳಿಗೆ ಪ್ರತಿಕಾಯಗಳಿಲ್ಲ. ಮೆಡಿಟರೇನಿಯನ್ನಿನಲ್ಲಿ 2006ರಲ್ಲಿ ರೋಗ ಮರುಕಳಿಸಿತು. ಹವಾಯಿ ದ್ವೀಪಗಳ ಮಾಂಕ್ ಸೀಲ್‌ಗಳಿಗೆ 2016ರಿಂದ ಲಸಿಕೆ ಹಾಕುತ್ತಿದ್ದಾರೆ. ಅವು ಮರಳಿನ ಮೇಲೆ ಬಂದು ಮಲಗುವ ಪ್ರಾಣಿಗಳು. ಡಾಲ್ಫಿನ್ ಹಾಗೆ ಬರುವುದಿಲ್ಲ.