ಕೊನೆಗಾಲದ ಇಚ್ಛಾಪತ್ರ: ಮನೆಮನೆಗೆ ಹೋಗುವವರು ಮಾಡಬೇಕಾದ್ದು, ಮಾಡಬಾರದ್ದು

ಪೌರಕಾರ್ಮಿಕರ ಕಾಲೊನಿ, ಕೊಳೆಗೇರಿ, ಹಾಡಿಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಸಂಘದವರ ಗಮನಕ್ಕೆ.

ಮಾಡಬೇಕಾದ್ದು

ಮೊದಲು ನೋವಿಗೆ ಮದ್ದು, ಆಮೇಲೆ ಕಾಗದ. ಕ್ಯಾನ್ಸರ್ ನೋವಿಗೆ ರಾತ್ರಿಯಿಡೀ ನಿದ್ದೆಗೆಟ್ಟವರನ್ನು ಮಾರ್ಫಿನ್ ಸಿಗುವ ಆಸ್ಪತ್ರೆಗೆ ತಲುಪಿಸಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಆರೈಕೆ ಉಚಿತ. ಇದನ್ನು ತಪ್ಪದೆ ಹೇಳಿ.

ಕೂಲಿ ತಪ್ಪದ ಹೊತ್ತು ನೋಡಿ ಹೋಗಿ. ಕೂತು ಕೇಳಿ: "ಅಜ್ಜಿ, ನಾಳೆ ನಿಮಗೆ ಮಾತಾಡೋಕೆ ಆಗದಿದ್ರೆ ನಿಮ್ಮ ಪರವಾಗಿ ಯಾರು ಹೇಳಬೇಕು? ಮನೇಲೇ ಇರ್ತೀರಾ, ಆಸ್ಪತ್ರೆಗೆ ಹೋಗ್ತೀರಾ?" ಉತ್ತರ ಬರುವವರೆಗೆ ಸುಮ್ಮನಿರಿ. ಮಗನೋ ಸೊಸೆಯೋ ನಡುವೆ ಬಾಯಿ ಹಾಕಿದರೂ ಅಜ್ಜಿಯ ಮಾತನ್ನೇ ಬರೆದುಕೊಳ್ಳಿ.

ಮುಂದೆ ಮಾತಾಡಲಾಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಹೀಗೆ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳಿರಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು, ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕಿಲ್ಲ. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಇಚ್ಛಾಪತ್ರದ ಒಂದು ಪ್ರತಿಯನ್ನು ಪಂಚಾಯಿತಿ ಅಥವಾ ನಗರಸಭೆಗೆ ಕೊಡಿಸಿ, ಸ್ವೀಕೃತಿ ಪಡೆಯಿರಿ.

ಲಿಂಗತ್ವ ಅಲ್ಪಸಂಖ್ಯಾತ ಹಿರಿಯರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ವರ್ಷಗಟ್ಟಲೆ ನೋಡಿಕೊಂಡ ಚೇಲಾಳನ್ನು (ಶಿಷ್ಯೆಯನ್ನು) ಐಸಿಯು ಬಾಗಿಲಲ್ಲೇ ತಡೆದು, ಎಂದೋ ಮನೆಯಿಂದ ಹೊರಹಾಕಿದ ಅಣ್ಣನನ್ನು ಒಳಗೆ ಬಿಡುವುದು ಅನ್ಯಾಯ. ಅವರು ಬಯಸುವ ವ್ಯಕ್ತಿಯನ್ನು ಕಾನೂನಿಗೆ ಒಪ್ಪುವಂತೆ ಹೇಗೆ ಹೆಸರಿಸಬೇಕೆಂದು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರನ್ನು ಕೇಳಿ. ಯಾವ ಹೆಸರಿನಿಂದ ಕರೆಯಬೇಕು, ಕೊನೆಗೆ ಯಾವ ಉಡುಗೆ ಇರಬೇಕು ಎಂಬುದನ್ನೂ ಬರೆಸಿ.

ಮಾಡಬಾರದ್ದು

ಬಡವರ ಹಾಸಿಗೆ ಖಾಲಿ ಮಾಡಿಸಲು ಈ ಪತ್ರ ಬಳಸಕೂಡದು. ಜೀವನವಿಡೀ ಚಿಕಿತ್ಸೆಯೇ ಸರಿಯಾಗಿ ಸಿಗದವರು "ಚಿಕಿತ್ಸೆ ಬೇಡ" ಎಂದರೆ, ಅದು ಇಚ್ಛೆಯೋ ಸಾಲದ ಭಯವೋ ಎಂದು ವಿಚಾರಿಸದೆ ಬರೆಯಬೇಡಿ. "ಸಹಿ ಹಾಕಿದ್ರೆ ಬಿಲ್ ಉಳಿಯುತ್ತೆ" ಎಂಬ ಮಾತು ಬೇಡವೇ ಬೇಡ. ಪಿಂಚಣಿ, ಪಡಿತರ ಚೀಟಿಯ ಕಾಗದಗಳ ನಡುವೆ ಇದನ್ನು ಸೇರಿಸಬೇಡಿ.

ಓದಿ ಹೇಳುವ ಮೊದಲು ಇಂಕ್ ಪ್ಯಾಡ್ ತೆರೆಯಬೇಡಿ. ಅವರ ಮನೆಮಾತು ತಮಿಳೋ ತೆಲುಗೋ ಉರ್ದುವೋ ಆಗಿದ್ದರೆ ಅದರಲ್ಲೇ ತಿಳಿಸಬೇಕು.

ರೋಗಿಗೆ ತಿಳಿದು ಹೇಳುವ ಶಕ್ತಿ ಇರುವಾಗ ಪತ್ರ ತೋರಿಸಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಶಕ್ತಿ ಹೋದ ಮೇಲೂ ಗುಣವಾಗುವ ಆಶೆ ಇಲ್ಲವೆಂದು ಎರಡು ವೈದ್ಯಮಂಡಳಿಗಳು ಒಪ್ಪಬೇಕು. ಬರೆದವರು ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು; ಇದನ್ನು ಮುಚ್ಚಿಡಬೇಡಿ.

ಬೇಡ ಎಂದವರನ್ನು ಪೀಡಿಸಬೇಡಿ. ಅವರ ಮನೆಗೆ ಹೋಗುವುದನ್ನೂ ಬಿಡಬೇಡಿ: ಮಾತ್ರೆ, ಹುಣ್ಣಿನ ಡ್ರೆಸ್ಸಿಂಗ್ ಎಂದಿನಂತೆ ನಡೆಯಬೇಕು.